ಬೇಸಿಗೆಗೆ ಮರಳಿದ ಕೆಮ್ಮು: ರಾಯಚೂರಿನ ಒಂದು ಪ್ರಕರಣ

ರಾಯಚೂರು ನಗರದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ 39 ವರ್ಷದ ಗೃಹಿಣಿಯೊಬ್ಬರು ಏಪ್ರಿಲ್ ಕೊನೆಯ ವಾರದಲ್ಲಿ ತಪಾಸಣೆಗೆ ಬಂದಾಗ, ಅವರು ತಂದಿದ್ದ ಫೈಲಿನ ಮೇಲಿನ ಹಾಳೆಯಲ್ಲಿ ‘ಕ್ಷಯ ಮರುಕಳಿಸಿರುವ ಶಂಕೆ’ ಎಂದು ಬರೆದಿತ್ತು. ಹಿಂದಿನ ವರ್ಷ ಅವರು ಆರು ತಿಂಗಳ ಕ್ಷಯ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದ್ದರು. ಡಿಸೆಂಬರಿನಲ್ಲಿ ಮಾತ್ರೆ ನಿಂತಾಗ ಕೆಮ್ಮು ಇರಲಿಲ್ಲ, ತೂಕ 3 ಕಿಲೊ ಹೆಚ್ಚಿತ್ತು. ಮಾರ್ಚ್ ಮಧ್ಯದಲ್ಲಿ ಕೆಮ್ಮು ಮತ್ತೆ ಆರಂಭವಾಯಿತು. ಏಪ್ರಿಲ್ ಹೊತ್ತಿಗೆ ಒಂದು ಮಹಡಿ ಹತ್ತುವಷ್ಟರಲ್ಲಿ ದಮ್ಮು ಹತ್ತತೊಡಗಿತು. ಔಷಧಕ್ಕೆ ಬಗ್ಗದ ಕ್ಷಯವಿರಬಹುದೆಂಬ ಭಯದಲ್ಲಿ ಮನೆಯವರು ಇಬ್ಬರು ಮಕ್ಕಳನ್ನು ಅಜ್ಜಿಯ ಕೋಣೆಗೆ ಕಳುಹಿಸಿ, ಆಕೆಯ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದರು. ರೋಗಿಯ ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಹಿಂದಿನ ವರ್ಷ ಕ್ಷಯದ ಚಿಕಿತ್ಸೆ ಕೊಟ್ಟವರ ತರ್ಕವನ್ನು ಮೊದಲು ನ್ಯಾಯವಾಗಿ ನೋಡಬೇಕು. ಎರಡು ತಿಂಗಳ ಕೆಮ್ಮು, ಜ್ವರ, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲಿನ ಮತ್ತು ನಡುವಿನ ಭಾಗಗಳಲ್ಲಿ ಮಬ್ಬು, ಇವಿಷ್ಟು ಒಟ್ಟಿಗೆ ಕಂಡರೆ ನಮ್ಮ ಜಿಲ್ಲೆಗಳಲ್ಲಿ ಯಾವ ವೈದ್ಯರಿಗಾದರೂ ಮೊದಲು ನೆನಪಾಗುವುದು ಕ್ಷಯವೇ, ಮತ್ತು ಹಾಗೆ ನೆನಪಾಗುವುದು ಸರಿಯೂ ಹೌದು. ರೋಗಾಣುವನ್ನು ತ್ವರಿತವಾಗಿ ಪತ್ತೆಹಚ್ಚುವ ಕಫದ ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಕ್ಕಿರಲಿಲ್ಲ. ಆದರೆ ಕಫದಲ್ಲಿ ರೋಗಾಣು ಸಿಗದಿದ್ದರೂ ಲಕ್ಷಣ ಮತ್ತು ಎಕ್ಸ್‌ರೇ ಆಧಾರದ ಮೇಲೆ ಚಿಕಿತ್ಸೆ ಆರಂಭಿಸಲು ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅವಕಾಶವಿದೆ. ಆ ಅವಕಾಶದಿಂದ ಬದುಕಿದವರು ಬಹಳ ಜನರಿದ್ದಾರೆ. ಜೂನ್ ಮೂರನೇ ವಾರ ಮಾತ್ರೆ ಆರಂಭವಾಯಿತು, ಜುಲೈ ಮುಗಿಯುವಷ್ಟರಲ್ಲಿ ಕೆಮ್ಮು ಅರ್ಧಕ್ಕಿಳಿಯಿತು. ಮಾತ್ರೆ ಕೊಟ್ಟ ಮೇಲೆ ಗುಣವಾಯಿತು, ಆದ್ದರಿಂದ ಮಾತ್ರೆಯಿಂದಲೇ ಗುಣವಾಯಿತು ಎಂಬ ತೀರ್ಮಾನಕ್ಕೆ ಎಲ್ಲರೂ ಬಂದರು. ರೋಗಿಯೂ ಬಂದರು. ಇಡೀ ಪ್ರಕರಣ ತಿರುಗುವುದು ಈ ‘ಆದ್ದರಿಂದ’ ಎಂಬಲ್ಲಿ, ಏಕೆಂದರೆ ಜೂನ್ ಮತ್ತು ಜುಲೈ ನಡುವೆ ಆ ಮನೆಯಲ್ಲಿ ಬದಲಾದದ್ದು ಔಷಧ ಒಂದೇ ಆಗಿರಲಿಲ್ಲ.

ತಪಾಸಣೆಯಲ್ಲಿ ಕಂಡದ್ದು

ಉಸಿರಾಟದ ವೇಗ ನಿಮಿಷಕ್ಕೆ 26 ಇತ್ತು. ಸುಮ್ಮನೆ ಕುಳಿತಾಗ ರಕ್ತದ ಆಮ್ಲಜನಕದ ಮಟ್ಟ ಶೇ 92 ಇದ್ದದ್ದು, ಆರು ನಿಮಿಷ ನಡೆಸಿದಾಗ ಶೇ 84ಕ್ಕೆ ಕುಸಿಯಿತು. ಆರೋಗ್ಯವಂತರಲ್ಲಿ ಇದು ನಡೆದ ಮೇಲೂ ಶೇ 95ರ ಆಸುಪಾಸಿನಲ್ಲಿ ಇರಬೇಕು. ಬೆನ್ನಿನ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಉಸಿರು ಎಳೆದುಕೊಳ್ಳುವ ಕೊನೆಯಲ್ಲಿ ಎರಡೂ ಕಡೆ ಸಣ್ಣ ಚಟಪಟ ಸದ್ದು ಕೇಳುತ್ತಿತ್ತು, ಮತ್ತು ನಡುನಡುವೆ ಒಂದು ಚಿಕ್ಕ ‘ಕೀಚ್’ ಎಂಬ ದನಿ. ಆಸ್ತಮಾದ ಸಿಳ್ಳೆಯ ಸದ್ದು ಉಸಿರು ಬಿಡುವಾಗ ಉದ್ದಕ್ಕೂ ಕೇಳುತ್ತದೆ. ಇದು ಎಳೆದುಕೊಳ್ಳುವಾಗ ಕೇಳಿ ತಕ್ಷಣ ನಿಲ್ಲುತ್ತಿತ್ತು. ಶ್ವಾಸಕೋಶದ ಅತಿ ಸಣ್ಣ ಕೊಳವೆಗಳು ಮುಚ್ಚಿಕೊಂಡು ಥಟ್ಟನೆ ತೆರೆಯುವಾಗ ಹುಟ್ಟುವ ಈ ದನಿ ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ.

ಇದಕ್ಕೂ ಮೊದಲು ಬೇರೊಂದು ಕಡೆ ಆಸ್ತಮಾ ಎಂದು ಕೊಟ್ಟಿದ್ದ ಪಂಪನ್ನು ಅವರು ಒಂದು ತಿಂಗಳು ಬಳಸಿ ಬಿಟ್ಟಿದ್ದರು. ಶ್ವಾಸ ಸಾಮರ್ಥ್ಯದ ಪರೀಕ್ಷೆ ಆ ಅನುಮಾನವನ್ನು ಬದಿಗಿರಿಸಿತು. ಒಮ್ಮೆಲೇ ಹೊರಹಾಕಬಲ್ಲ ಒಟ್ಟು ಗಾಳಿಯ ಪ್ರಮಾಣ, ಅಂದರೆ ಎಫ್‌ವಿಸಿ, ಇರಬೇಕಾದುದರ ಶೇ 58 ಮಾತ್ರ ಇತ್ತು. ಆದರೆ ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಪಾಲು ಚೆನ್ನಾಗಿಯೇ ಇತ್ತು. ಕೊಳವೆ ಕಿರಿದಾಗುವ ಆಸ್ತಮಾದಲ್ಲಿ ಲೆಕ್ಕ ಇದಕ್ಕೆ ತಿರುಗುಮುರುಗಾಗಿ ಬರುತ್ತದೆ. ಇಲ್ಲಿ ದೊಡ್ಡ ಕೊಳವೆಗಳು ತೆರೆದಿದ್ದವು, ಶ್ವಾಸಕೋಶವೇ ಬಿಗಿದುಕೊಂಡಿತ್ತು. ಗಾಳಿಗೂಡುಗಳಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ ಶೇ 46ಕ್ಕೆ ಇಳಿದಿತ್ತು.

ರಾಯಚೂರು ಆನೆಕಾಲು ರೋಗ ಇರುವ ಜಿಲ್ಲೆಗಳಲ್ಲಿ ಒಂದಾದ್ದರಿಂದ ಇನ್ನೊಂದು ಸಾಧ್ಯತೆಯನ್ನು ಇಲ್ಲಿ ಬಿಡುವಂತಿಲ್ಲ. ಸೊಳ್ಳೆಯಿಂದ ಬರುವ ಫೈಲೇರಿಯಾ ಹುಳುವಿನ ಮರಿಗಳ ವಿರುದ್ಧ ದೇಹ ಅತಿಯಾಗಿ ಕೆರಳಿ, ರಾತ್ರಿ ಹೊತ್ತು ಒತ್ತರಿಸಿ ಬರುವ ಕೆಮ್ಮಿಗೆ ಕಾರಣವಾಗುವ ‘ಉಷ್ಣವಲಯದ ಶ್ವಾಸಕೋಶ ಇಯೊಸಿನೊಫಿಲಿಯಾ’ ಎಂಬ ಕಾಯಿಲೆಯಿದೆ. ಅದರಲ್ಲಿ ರಕ್ತದ ಇಯೊಸಿನೊಫಿಲ್ ಕಣಗಳು ಪ್ರತಿ ಘನ ಮಿಲಿಮೀಟರಿಗೆ 3000 ದಾಟಿರುತ್ತವೆ. ಇವರಲ್ಲಿ ಅವು 300ರಷ್ಟೂ ಇರಲಿಲ್ಲ. ಎಚ್‌ಐವಿ ಇರಲಿಲ್ಲ, ಸಕ್ಕರೆ ಸರಿಯಿತ್ತು, ಕೀಲುವಾತ ಮತ್ತು ಅದರ ಬಳಗದ ಕಾಯಿಲೆಗಳ ಸೂಚಕಗಳೂ ರಕ್ತದಲ್ಲಿ ಇರಲಿಲ್ಲ. ಕಫದ ಸಿಬಿನ್ಯಾಟ್ ಎರಡನೇ ವರ್ಷವೂ ಬರಿದಾಗಿಯೇ ಬಂತು.

ಹಿಂದಿನ ವರ್ಷ ಮಾಡಿಸದ, ಶ್ವಾಸಕೋಶವನ್ನು ತೆಳು ಪದರಗಳಾಗಿ ತೋರಿಸುವ ಸಿಟಿ ಸ್ಕ್ಯಾನ್ ಆದ ಎಚ್‌ಆರ್‌ಸಿಟಿಯನ್ನು ಈಗ ಮಾಡಿಸಲಾಯಿತು. ಶ್ವಾಸಕೋಶದ ತುಂಬ ತೆಳು ಮಂಜು ಕವಿದಂಥ ನೋಟ, ಅದರೊಳಗೆ ಅಂಚು ಸ್ಪಷ್ಟವಿಲ್ಲದ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಮತ್ತು ಕಪ್ಪು, ಬೂದು, ಬಿಳುಪು ಮೂರೂ ಛಾಯೆಗಳು ಪಕ್ಕಪಕ್ಕದಲ್ಲಿ ತೇಪೆ ಹಾಕಿದಂತಿದ್ದ ಭಾಗಗಳು ಕಂಡವು. ಉಸಿರು ಪೂರ್ತಿ ಬಿಡಿಸಿ ತೆಗೆದ ಚಿತ್ರದಲ್ಲಿ ಕಪ್ಪು ತೇಪೆಗಳು ಕಪ್ಪಾಗಿಯೇ ಉಳಿದವು, ಅಂದರೆ ಅಲ್ಲಿನ ಗಾಳಿ ಹೊರಬರಲಾಗದೆ ಸಿಕ್ಕಿಕೊಂಡಿತ್ತು. ಕ್ಷಯದಲ್ಲಿ ಕಾಣುವ ಕುಳಿಯಾಗಲಿ, ಊದಿದ ದುಗ್ಧಗ್ರಂಥಿಗಳಾಗಲಿ ಇರಲಿಲ್ಲ. ಎಡಭಾಗದಲ್ಲಿ ಕೆಲವು ಕಡೆ ಮಾತ್ರ ಸಣ್ಣ ಗೆರೆಗಳು ಹೆಣೆದುಕೊಂಡಿದ್ದವು. ಅವು ಗಾಯ ಒಣಗಿ ಗಡುಸಾಗುತ್ತಿರುವ ಸೂಚನೆ. ಉಸಿರಿನ ಜೊತೆ ಒಳಹೋದ ಯಾವುದೋ ವಸ್ತುವಿನ ವಿರುದ್ಧ ಶ್ವಾಸಕೋಶದ ಪ್ರತಿರಕ್ಷಣೆಯೇ ತಿರುಗಿಬಿದ್ದಾಗ ಈ ಚಿತ್ರ ಮೂಡುತ್ತದೆ. ವೈದ್ಯಕೀಯದಲ್ಲಿ ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎನ್ನುತ್ತಾರೆ. ಕನ್ನಡದಲ್ಲಿ ಅತಿಸಂವೇದನೆಯ ಶ್ವಾಸಕೋಶ ಉರಿಯೂತ ಎನ್ನಬಹುದು.

ಯಾವ ವಸ್ತು ಎಂಬುದನ್ನು ಸ್ಕ್ಯಾನ್ ಹೇಳುವುದಿಲ್ಲ. ಅದಕ್ಕೆ ಕುಳಿತು ಮಾತಾಡಬೇಕು.

ಅತ್ತೆಯ ಮಾತು

ಮೊದಲ ಅನುಮಾನ ಸಹಜವಾಗಿಯೇ ಹೊಲಿಗೆಯ ಮೇಲೆ ಹೋಯಿತು. ಹತ್ತಿಯ ನಾಡಾದ ರಾಯಚೂರಿನಲ್ಲಿ ಜಿನ್ನಿಂಗ್ ಮಿಲ್ಲಿನ ದೂಳಿನಿಂದ ಎದೆ ಬಿಗಿಯುವ ಬಿಸಿನೋಸಿಸ್ ಕಾಯಿಲೆಯ ಪರಿಚಯ ವೈದ್ಯರಿಗೆ ಇರಲೇಬೇಕು. ಆದರೆ ಆ ಕಾಯಿಲೆ ಕಚ್ಚಾ ಹತ್ತಿಯ ದೂಳಿನಲ್ಲಿ ದುಡಿಯುವವರದ್ದು, ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಹೆಚ್ಚು ಕಾಡುವಂಥದ್ದು. ಇವರು ಹೊಲಿಯುತ್ತಿದ್ದದ್ದು ಸಿದ್ಧ ಬಟ್ಟೆಯ ರವಿಕೆಗಳನ್ನು. ದಸರೆ ದೀಪಾವಳಿಯ ಹೊತ್ತಿಗೆ ರಾತ್ರಿಯವರೆಗೆ ಮಷಿನ್ ತುಳಿದರೂ ಆಗ ಕೆಮ್ಮು ಇರಲಿಲ್ಲ. ಪಾರಿವಾಳ ಸಾಕಿರಲಿಲ್ಲ, ಕೋಳಿ ಇರಲಿಲ್ಲ, ಪಕ್ಕದಲ್ಲಿ ಅಕ್ಕಿ ಗಿರಣಿಯೂ ಇರಲಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯ ಬಗ್ಗೆ ಗಂಡ ತಾವಾಗಿಯೇ ಕೇಳಿದರು; ಮನೆ ಅಲ್ಲಿಂದ ದೂರವಿತ್ತು, ಮತ್ತು ಬೂದಿ ಬೇಸಿಗೆಗೊಂದು ಮಳೆಗಾಲಕ್ಕೊಂದು ಎಂದು ಲೆಕ್ಕವಿಟ್ಟು ಬರುವುದಿಲ್ಲ.

ಜ್ವರದ ಸಮಯ ಕೇಳಿದಾಗ ಮೊದಲ ಎಳೆ ಸಿಕ್ಕಿತು. ಕ್ಷಯದ ಜ್ವರ ಹೆಚ್ಚಾಗಿ ಸಂಜೆ ಏರುತ್ತದೆ. ಇವರಿಗೆ ರಾತ್ರಿ ಹತ್ತಕ್ಕೆ ಮಲಗುವಾಗ ಏನೂ ಇರುತ್ತಿರಲಿಲ್ಲ, ನಸುಕಿನ ನಾಲ್ಕರ ಸುಮಾರಿಗೆ ಮೈಕೈ ನೋವು, ಚಳಿ, ಒಣ ಕೆಮ್ಮಿನಿಂದ ಎಚ್ಚರವಾಗುತ್ತಿತ್ತು. ಹಗಲು ಏರಿದಂತೆ ಜ್ವರ ಇಳಿದು, ಮಧ್ಯಾಹ್ನದ ಹೊತ್ತಿಗೆ ಸುಸ್ತು ಮಾತ್ರ ಉಳಿಯುತ್ತಿತ್ತು. ಎಡೆಬಿಡದೆ ಬೆಳೆಯುವ ಸೋಂಕಿನ ನಡೆ ಹೀಗಿರುವುದು ಕಡಿಮೆ. ರಾತ್ರಿ ಏನೋ ಒಳಹೋಗಿ, ಕೆಲವು ಗಂಟೆಗಳ ನಂತರ ದೇಹ ಅದಕ್ಕೆ ಉತ್ತರ ಕೊಡುತ್ತಿದೆ ಎಂಬಂತಿತ್ತು.

ಎರಡನೆಯ ಎಳೆಯನ್ನು ಕೊಟ್ಟವರು ಜೊತೆಗೆ ಬಂದಿದ್ದ ಅತ್ತೆ, ಅದೂ ಸಹಾಯ ಮಾಡುವ ಉದ್ದೇಶದಿಂದೇನೂ ಅಲ್ಲ. ‘ತವರಿಗೆ ಹೋದ್ರ ಅಕಿಗೆ ಒಂದ್ ಕೆಮ್ಮ ಇರಂಗಿಲ್ರಿ ಸರ. ಇಲ್ಲಿಗಿ ಬಂದು ಎರಡ್ ದಿನ ಆಗಂಗಿಲ್ಲ, ಮತ್ತ ಸುರು’ ಎಂದರು. ಸೊಸೆ ತಲೆ ತಗ್ಗಿಸಿದರು. ಆ ಮನೆಯಲ್ಲಿ ಈ ಮಾತು ಹಲವು ಸಲ ಆಡಿ ಹಳತಾದ ಕೊಂಕು ಎಂಬುದು ಸ್ಪಷ್ಟವಾಗಿತ್ತು. ಆದರೆ ಅಲ್ಲಿಯವರೆಗೆ ಫೈಲಿನಲ್ಲಿ ಸೇರಿದ್ದ ಯಾವ ವರದಿಗಿಂತಲೂ ಆ ಒಂದು ವಾಕ್ಯದಲ್ಲಿ ಹೆಚ್ಚು ಮಾಹಿತಿಯಿತ್ತು ಎಂಬುದು ನನ್ನ ಅಭಿಪ್ರಾಯ. ತವರು ದೇವದುರ್ಗ ತಾಲ್ಲೂಕಿನ ಹಳ್ಳಿ. ಅಲ್ಲಿ ಬಿಸಿಲೂ ಅಷ್ಟೇ, ದೂಳೂ ಅಷ್ಟೇ, ಒಲೆಯ ಹೊಗೆ ಇನ್ನೂ ಒಂದಿಷ್ಟು ಹೆಚ್ಚು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಾರೆ.

‘ಮತ್ತ ಇಲ್ಲಿ ಎಲ್ಲಿ ಮಲಗ್ತೀರಮ್ಮ?’

‘ಒಳಗ ರೂಮಿನ್ಯಾಗ್ರಿ. ಕೂಲರ್ ಹಚ್ಚಿಕೊಂಡ ಮಲಗ್ತೀವ್ರಿ.’

ಕೂಲರ್ ಶಿವರಾತ್ರಿ ಕಳೆದ ಮೇಲೆ ಹೊರಬರುತ್ತಿತ್ತು, ಮುಂಗಾರು ಹಿಡಿದ ಮೇಲೆ ಮೂಲೆ ಸೇರುತ್ತಿತ್ತು. ಕೆಮ್ಮಿನ ತಿಂಗಳುಗಳನ್ನೂ ಕೂಲರಿನ ತಿಂಗಳುಗಳನ್ನೂ ಒಂದು ಹಾಳೆಯ ಮೇಲೆ ಅಕ್ಕಪಕ್ಕ ಬರೆದಾಗ ಅವು ಎರಡು ವರ್ಷವೂ ಕೂಡಿಬಂದವು. ಹಿಂದಿನ ವರ್ಷ ಕ್ಷಯದ ಮಾತ್ರೆ ಆರಂಭವಾದದ್ದು ಮತ್ತು ಮಳೆ ಬಿದ್ದು ಕೂಲರ್ ನಿಂತದ್ದು ಹೆಚ್ಚುಕಡಿಮೆ ಒಂದೇ ಹದಿನೈದು ದಿನಗಳೊಳಗೆ. ಮಾತ್ರೆಗೆ ಸಂದ ಶ್ರೇಯಸ್ಸು ಮಳೆಗೆ ಸಲ್ಲಬೇಕಿತ್ತು.

ಮರುದಿನ ಗಂಡ ಕೂಲರಿನ ಪ್ಯಾಡಿನ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಂದರು. ಮರದ ತೆಳು ಎಳೆಗಳನ್ನು ಜಾಲರಿಯಲ್ಲಿ ತುಂಬಿದ ಸಾಮಾನ್ಯ ಪ್ಯಾಡು, ಜನ ಹುಲ್ಲಿನ ಪ್ಯಾಡು ಎನ್ನುವುದು ಇದನ್ನೇ. ಹೊಸದಿದ್ದಾಗ ಹೊಂಬಣ್ಣವಿರುವ ಎಳೆಗಳು ಕಂದು ಕಪ್ಪಾಗಿದ್ದವು. ಬೋರಿನ ಗಡಸು ನೀರಿನ ಉಪ್ಪು ಎಳೆಎಳೆಗೂ ಬಿಳಿ ತೊಗಟೆಯಂತೆ ಕಟ್ಟಿತ್ತು, ಅದರ ಸಂದಿಯಲ್ಲಿ ಬೂದುಹಸಿರು ಬೂಷ್ಟು ಮೆತ್ತಿಕೊಂಡಿತ್ತು. ಗಂಟು ಬಿಚ್ಚದೆಯೇ ಹಸಿ ಗೋಣಿಚೀಲದ ವಾಸನೆ ಬರುತ್ತಿತ್ತು. ಕೂಲರ್ ಕೊಂಡು ಇದು ನಾಲ್ಕನೆಯ ಬೇಸಿಗೆ, ಪ್ಯಾಡನ್ನು ಒಮ್ಮೆಯೂ ಬದಲಿಸಿರಲಿಲ್ಲ. ತೊಟ್ಟಿಯ ತಳದ ಲೋಳೆಯನ್ನು ಯಾರೂ ಮುಟ್ಟಿರಲಿಲ್ಲ, ಬತ್ತಿದಷ್ಟು ನೀರು ಸುರಿಯುವುದಷ್ಟೇ ರೂಢಿಯಾಗಿತ್ತು. ಓಣಿಯ ಕಡೆಗಿನ ಕಿಟಕಿಗೆ ಗ್ರಿಲ್ ಇದ್ದುದರಿಂದ ಕೂಲರನ್ನು ಕೋಣೆಯೊಳಗೇ ಮಂಚದ ಕಾಲಿನ ಬಳಿ ಇಟ್ಟಿದ್ದರು. ತಂಪು ಹೋದೀತೆಂದು ಬಾಗಿಲು ಕಿಟಕಿ ಮುಚ್ಚಿರುತ್ತಿದ್ದರು. ಅಂದರೆ ಅದೇ ಕೋಣೆಯ ಗಾಳಿ ರಾತ್ರಿಯಿಡೀ ಅದೇ ಪ್ಯಾಡಿನ ಮೂಲಕ ಸುತ್ತಿ ಸುತ್ತಿ ಬರುತ್ತಿತ್ತು.

ಶ್ವಾಸಕೋಶದೊಳಗೆ ನಡೆದದ್ದು

ನಾವು ದಿನಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತೇವೆ. ಅದರ ಜೊತೆ ಬರುವ ದೂಳು, ಬೂಷ್ಟಿನ ಬೀಜಕಣ, ಸೂಕ್ಷ್ಮಜೀವಿಗಳ ಚೂರುಗಳಿಗೆಲ್ಲ ಶ್ವಾಸಕೋಶ ಉರಿಯೂತದ ಮೂಲಕವೇ ಉತ್ತರ ಕೊಡುತ್ತ ಹೋದರೆ ಮನುಷ್ಯ ಒಂದು ವಾರವೂ ಬದುಕಲಾರ. ದೊಡ್ಡ ಕಣಗಳು ಮೂಗಿನಲ್ಲಿ ಮತ್ತು ಶ್ವಾಸನಾಳದ ಲೋಳೆಯಲ್ಲಿ ಸಿಕ್ಕಿ ಹೊರಹೋಗುತ್ತವೆ. 5 ಮೈಕ್ರಾನಿಗಿಂತ ಸಣ್ಣವು ಮಾತ್ರ ಗಾಳಿಗೂಡುಗಳ ತನಕ ಇಳಿಯಬಲ್ಲವು, ಬೂಷ್ಟಿನ ಹಲವು ಬೀಜಕಣಗಳ ಗಾತ್ರ ಅಷ್ಟೇ. ಅಲ್ಲಿ ಅವುಗಳನ್ನು ನುಂಗಿ ಮುಗಿಸಲು ಮ್ಯಾಕ್ರೊಫೇಜ್ ಎಂಬ ಕಣಗಳಿವೆ. ಈ ಕಣಗಳ ವಿಶೇಷವೆಂದರೆ ಅವು ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ನುಂಗಿದ್ದನ್ನೆಲ್ಲ ಅಪಾಯವೆಂದು ಸಾರುವುದಿಲ್ಲ, ಸುತ್ತಲಿನ ಲಿಂಫೋಸೈಟ್ ಕಣಗಳನ್ನು ಶಾಂತವಾಗಿಡುವ ಸಂಕೇತಗಳನ್ನೂ ಬಿಡುತ್ತವೆ. ಶ್ವಾಸಕೋಶದ ಆರೋಗ್ಯ ನಿಂತಿರುವುದು ಹೋರಾಡುವ ಶಕ್ತಿಯ ಮೇಲೆ ಎಷ್ಟೋ, ಹೋರಾಡದೆ ಸುಮ್ಮನಿರುವ ಈ ಸಹಿಷ್ಣುತೆಯ ಮೇಲೂ ಅಷ್ಟೇ. ‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯಗಳ ಜಾಹೀರಾತು ನೋಡಿದಾಗಲೆಲ್ಲ ನನಗೆ ಈ ಬಗೆಯ ರೋಗಿಗಳು ನೆನಪಾಗುತ್ತಾರೆ. ಇವರ ತೊಂದರೆ ಪ್ರತಿರಕ್ಷಣೆಯ ಕೊರತೆಯಿಂದ ಬಂದದ್ದಲ್ಲ.

ತಿಂಗಳುಗಟ್ಟಲೆ ಒಂದೇ ವಸ್ತು ಒಂದೇ ದಾರಿಯಲ್ಲಿ ಬರುತ್ತಿದ್ದಾಗ, ಆನುವಂಶಿಕವಾಗಿ ಒಲವಿರುವ ಕೆಲವರಲ್ಲಿ ಈ ಸಹಿಷ್ಣುತೆ ಮುರಿಯುತ್ತದೆ. ಮೊದಲು ಆ ವಸ್ತುವಿನ ವಿರುದ್ಧ ಐಜಿಜಿ ಎಂಬ ಪ್ರತಿಕಾಯಗಳು ತಯಾರಾಗುತ್ತವೆ. ಆಸ್ತಮಾ ಮತ್ತು ನೆಗಡಿಯ ಅಲರ್ಜಿಯಲ್ಲಿ ಕೆಲಸ ಮಾಡುವ ಐಜಿಇ ಬೇರೆ. ಅದು ನಿಮಿಷಗಳಲ್ಲಿ ಸೀನು, ಉಬ್ಬಸ ತರಿಸುತ್ತದೆ. ಇಲ್ಲಿ ಪ್ರತಿಕಾಯವೂ ಒಳಬಂದ ವಸ್ತುವೂ ಕೂಡಿಕೊಂಡು ಗಾಳಿಗೂಡಿನ ಗೋಡೆಯ ಬಳಿ ನೆಲೆಸಿದಾಗ ನ್ಯೂಟ್ರೋಫಿಲ್ ಕಣಗಳು ನುಗ್ಗುತ್ತವೆ, ರೋಗಿಗೆ ಅದು ತಿಳಿಯುವುದು 4ರಿಂದ 8 ಗಂಟೆಗಳ ನಂತರ, ಚಳಿ ಜ್ವರದ ರೂಪದಲ್ಲಿ. ಹತ್ತಕ್ಕೆ ಮಲಗಿ ನಾಲ್ಕಕ್ಕೆ ನಡುಗುತ್ತ ಏಳುವುದರ ಲೆಕ್ಕ ಇದೇ. ದಿನಗಳು ಕಳೆದಂತೆ ಟಿ ಲಿಂಫೋಸೈಟ್‌ಗಳು ಮುಂದಾಳತ್ವ ವಹಿಸುತ್ತವೆ. ಅವುಗಳ ರಾಸಾಯನಿಕ ಕರೆಗೆ ಓಗೊಟ್ಟ ಮ್ಯಾಕ್ರೊಫೇಜ್‌ಗಳು ತಮ್ಮ ಹಳೆಯ ಸೌಮ್ಯ ಸ್ವಭಾವ ಬಿಟ್ಟು ಗುಂಪುಗೂಡಿ ಗ್ರಾನುಲೋಮ ಎಂಬ ಸಣ್ಣ ಗಂಟುಗಳಾಗುತ್ತವೆ.

ಕ್ಷಯದಲ್ಲೂ ಆಗುವುದು ಗ್ರಾನುಲೋಮವೇ, ಆದ್ದರಿಂದಲೇ ಎರಡೂ ಕಾಯಿಲೆಗಳು ಒಂದನ್ನೊಂದು ಹೋಲುತ್ತವೆ. ವ್ಯತ್ಯಾಸವೆಂದರೆ ಕ್ಷಯದ ಗಂಟು ಬಿಗಿಯಾಗಿ ಕಟ್ಟಿಕೊಂಡು ನಡುವೆ ಗಿಣ್ಣಿನಂತೆ ಕೊಳೆಯುತ್ತದೆ, ಏಕೆಂದರೆ ಅಲ್ಲಿ ಸೆರೆಯಿಡಬೇಕಾದ ಜೀವಂತ ರೋಗಾಣುವಿದೆ. ಇಲ್ಲಿ ಸೆರೆಯಿಡಲು ಯಾರೂ ಇಲ್ಲ. ಗಂಟುಗಳು ಸಡಿಲವಾಗಿ, ಸಣ್ಣ ಶ್ವಾಸನಳಿಕೆಗಳ ಸುತ್ತ ಚದುರಿರುತ್ತವೆ. ಸಿಟಿಯಲ್ಲಿ ಕಂಡ ಮಸುಕು ಚುಕ್ಕೆಗಳು ಅವೇ. ಆ ನಳಿಕೆಗಳು ಊದಿ ಕಿರಿದಾದಲ್ಲಿ ಗಾಳಿ ಸಿಕ್ಕಿಬೀಳುತ್ತದೆ, ಅದೇ ಕಪ್ಪು ತೇಪೆ ಮತ್ತು ಅದೇ ‘ಕೀಚ್’ ದನಿ. ಒಳಬರುವ ವಸ್ತು ನಿಲ್ಲದಿದ್ದರೆ ಉರಿಯೂತದ ಜಾಗದಲ್ಲಿ ಕೊಲಾಜೆನ್ ಎಳೆಗಳು ಕಟ್ಟಿಕೊಂಡು ಶ್ವಾಸಕೋಶ ಗಡುಸಾಗುತ್ತದೆ, ಮತ್ತು ಹಾಗೆ ಗಡುಸಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ.

ಈ ಕಾಯಿಲೆ ಹೊಸದಲ್ಲ. ಬೂಷ್ಟು ಹಿಡಿದ ಹುಲ್ಲನ್ನು ಕೆದಕುವ ರೈತರಲ್ಲಿ ಇದನ್ನು ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ 1932ರಲ್ಲಿ ದಾಖಲಿಸಿದರು. 1970ರಲ್ಲಿ ಅಮೆರಿಕದ ಒಂದು ಕಚೇರಿಯ ನೌಕರರಿಗೆ ಹವಾನಿಯಂತ್ರಣ ಯಂತ್ರದಲ್ಲಿ ಬೆಳೆದ ಸೂಕ್ಷ್ಮಜೀವಿಗಳಿಂದ ಇದೇ ಕಾಯಿಲೆ ಬಂದದ್ದು ವರದಿಯಾಯಿತು. ಭಾರತದ 27 ಕೇಂದ್ರಗಳಿಂದ ಸೇರಿಸಿದ, 2017ರಲ್ಲಿ ಪ್ರಕಟವಾದ ರಾಷ್ಟ್ರೀಯ ನೋಂದಣಿಯಲ್ಲಿ ಶ್ವಾಸಕೋಶದ ಗಾಳಿಗೂಡುಗಳ ನಡುವಿನ ಅಂಗಾಂಶದ ಕಾಯಿಲೆಗಳಿದ್ದ 1,084 ರೋಗಿಗಳ ಪೈಕಿ ಶೇ 47.3 ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅವರಲ್ಲಿ ಅನೇಕರು ಏರ್ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಕೂಲರ್ ಕೆಲಸ ಮಾಡುವುದು ಒಣ ಸೆಕೆಯಲ್ಲಿ. ಮಂಗಳೂರಿನ ತೇವದ ಗಾಳಿಯಲ್ಲಿ ಅದರಿಂದ ಪ್ರಯೋಜನವಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ದೋಆಬಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ತಿಂಗಳುಗಳಲ್ಲಿ ಅದಿಲ್ಲದೆ ನಿದ್ದೆಯಿಲ್ಲ. ಆದ್ದರಿಂದ ಕೆಮ್ಮು ದಮ್ಮು ಎಂದು ಬಂದವರನ್ನು ಕೂಲರಿನ ಬಗ್ಗೆ ಕೇಳದೆ ಬಿಡುವುದು ಈ ಭಾಗದಲ್ಲಿ ಸಲ್ಲದು.

ಅದೇ ಕೋಣೆಯಲ್ಲಿ ಅದೇ ಗಾಳಿ ಉಸಿರಾಡಿದ ಗಂಡನಿಗೆ ಏಕೆ ಏನೂ ಆಗಲಿಲ್ಲ ಎಂಬ ಪ್ರಶ್ನೆಯನ್ನು ಅತ್ತೆ ಕೇಳಿದರು, ಮತ್ತು ಅದು ಒಳ್ಳೆಯ ಪ್ರಶ್ನೆ. ಒಡ್ಡಿಕೊಂಡವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಕೆಲವರ ರಕ್ತದಲ್ಲಿ ಪ್ರತಿಕಾಯಗಳಿದ್ದೂ ಅವರು ಆರಾಮವಾಗಿರುತ್ತಾರೆ. ಗಂಡ ದಿನಕ್ಕೊಂದು ಕಟ್ಟು ಬೀಡಿ ಸೇದುವವರು. ಧೂಮಪಾನಿಗಳಲ್ಲಿ ಈ ಕಾಯಿಲೆ ಕಡಿಮೆ ಎಂಬುದು ಬಹಳ ಹಿಂದಿನಿಂದ ಗಮನಕ್ಕೆ ಬಂದ ಸಂಗತಿ. ಹೊಗೆ ಶ್ವಾಸಕೋಶದ ಪ್ರತಿರಕ್ಷಣೆಯನ್ನು ಮಂಕು ಮಾಡುತ್ತದೆ. ಇದನ್ನು ಕೇಳಿ ಅವರು ಮುಗುಳ್ನಕ್ಕದ್ದರಿಂದ, ಬೀಡಿ ಸೇದುವವರಿಗೆ ಈ ಕಾಯಿಲೆ ಬಂದರೆ ಅದು ಇನ್ನೂ ಕೆಟ್ಟದಾಗಿ ನಡೆಯುತ್ತದೆ ಎಂಬುದನ್ನೂ ಅಲ್ಲೇ ಹೇಳಬೇಕಾಯಿತು.

ಖಚಿತಪಡಿಸಿಕೊಂಡ ಬಗೆ, ಚಿಕಿತ್ಸೆ

ಅನುಮಾನ ಎಷ್ಟೇ ಬಲವಾಗಿದ್ದರೂ, ಕ್ಷಯದ ಹೆಸರು ಹೊತ್ತಿರುವ ರೋಗಿಗೆ ಸ್ಟಿರಾಯ್ಡ್ ಕೊಡುವ ಮೊದಲು ಕ್ಷಯವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು, ಏಕೆಂದರೆ ಅಡಗಿರುವ ಕ್ಷಯವನ್ನು ಸ್ಟಿರಾಯ್ಡ್ ಭುಗಿಲೆಬ್ಬಿಸಬಲ್ಲದು. ಹೈದರಾಬಾದಿನಲ್ಲಿ ಬ್ರಾಂಕೊಸ್ಕೊಪಿ, ಅಂದರೆ ಶ್ವಾಸನಾಳದೊಳಗೆ ದುರ್ಬೀನಿನ ಕೊಳವೆ ಇಳಿಸುವ ಪರೀಕ್ಷೆ, ಮಾಡಿಸಿ, ಶ್ವಾಸಕೋಶದ ಒಂದು ಭಾಗವನ್ನು ಉಪ್ಪುನೀರಿನಿಂದ ತೊಳೆದು ಆ ದ್ರವವನ್ನು ಪರೀಕ್ಷಿಸಲಾಯಿತು. ಅದರಲ್ಲಿ ಲಿಂಫೋಸೈಟ್‌ಗಳು ಶೇ 54 ಇದ್ದವು. ಆರೋಗ್ಯವಂತರಲ್ಲಿ ಅವು ಶೇ 15ನ್ನು ದಾಟುವುದಿಲ್ಲ. ಕ್ಷಯದ ರೋಗಾಣು ತ್ವರಿತ ಪರೀಕ್ಷೆಯಲ್ಲೂ ಸಿಗಲಿಲ್ಲ, ಆರು ವಾರ ಕಾದು ನೋಡಿದ ಕಲ್ಚರಿನಲ್ಲೂ ಬೆಳೆಯಲಿಲ್ಲ. ಆಸ್ಪರ್ಜಿಲಸ್ ಬೂಷ್ಟಿನ ವಿರುದ್ಧದ ಐಜಿಜಿ ರಕ್ತದಲ್ಲಿ ಹೆಚ್ಚಿತ್ತು. ಇದು ಒಡ್ಡಿಕೊಂಡದ್ದನ್ನು ಹೇಳುತ್ತದೆಯೇ ಹೊರತು ಅದೇ ಕಾರಣವೆಂದು ಸಾಧಿಸುವುದಿಲ್ಲವಾದ್ದರಿಂದ, ಅದಕ್ಕೆ ಹೆಚ್ಚಿನ ತೂಕ ಕೊಡಲಿಲ್ಲ. ಒಡ್ಡಿಕೆಯ ಇತಿಹಾಸ, ಸಿಟಿಯ ಚಿತ್ರ ಮತ್ತು ತೊಳೆದ ದ್ರವದ ಲಿಂಫೋಸೈಟ್ ಪ್ರಮಾಣ, ಈ ಮೂರನ್ನು ಒಟ್ಟಿಗೆ ನೋಡಿ ತೀರ್ಮಾನಕ್ಕೆ ಬರಬೇಕೆಂಬುದು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಕ್ರಮ. ಮೂರೂ ಕೂಡಿಬಂದುದರಿಂದ ಶ್ವಾಸಕೋಶದ ತುಣುಕು ತೆಗೆಯುವ ಅಗತ್ಯ ಬೀಳಲಿಲ್ಲ.

ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆನಿಸಿದ್ದು ಬೇರೆಯೇ. ಆಸ್ಪತ್ರೆಯಲ್ಲಿದ್ದ ಮೊದಲ ದಿನಗಳಲ್ಲಿ ಆಮ್ಲಜನಕದ ಹೊರತು ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ಎರಡನೆಯ ರಾತ್ರಿಯಿಂದಲೇ ನಸುಕಿನ ಜ್ವರ ನಿಂತಿತು. ಅನುಮಾನ ತೀರಿಸಿಕೊಳ್ಳಲು ಮತ್ತೆ ಕೂಲರಿನ ಮುಂದೆ ಮಲಗಿಸಿ ನೋಡಬಹುದಿತ್ತಲ್ಲವೇ ಎಂದು ಕಿರಿಯ ವೈದ್ಯರೊಬ್ಬರು ಕೇಳಿದರು. ಆಮ್ಲಜನಕ ಶೇ 84ಕ್ಕೆ ಇಳಿಯುತ್ತಿದ್ದ ರೋಗಿಯಲ್ಲಿ ಅದು ಅಪಾಯ. ಮತ್ತು ಆ ಪ್ರಯೋಗವನ್ನು ಆ ಮನೆಯವರು ಅರಿಯದೆ ಈಗಾಗಲೇ ಮಾಡಿ ಮುಗಿಸಿದ್ದರು. ಪ್ರತಿ ಸಲ ತವರಿನಿಂದ ಮರಳಿದಾಗಲೂ ಅದೇ ನಡೆದಿತ್ತು.

ಕಲ್ಚರಿನ ಫಲಿತಾಂಶಕ್ಕೆ ಕಾಯುವಷ್ಟು ಸಮಯ ಇರಲಿಲ್ಲವಾದ್ದರಿಂದ, ತ್ವರಿತ ಪರೀಕ್ಷೆ ಬರಿದಾದ ಮೇಲೆ ಪ್ರೆಡ್ನಿಸೊಲೋನ್ ದಿನಕ್ಕೆ 30 ಮಿ.ಗ್ರಾಂ ಆರಂಭಿಸಿ, ಸುಮಾರು ಮೂರು ತಿಂಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಯಿತು. ಮನೆಯವರಿಗೆ ಒತ್ತಿ ಹೇಳಿದ್ದು ಮಾತ್ರೆಯ ಬಗ್ಗೆ ಅಲ್ಲ. ಹುಲ್ಲು ಕೆದಕುವ ರೈತರಲ್ಲಿ ಬರುವ ಇದೇ ಕಾಯಿಲೆಯ ಮೇಲೆ ಫಿನ್ಲೆಂಡಿನಲ್ಲಿ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ಟಿರಾಯ್ಡ್ ತೆಗೆದುಕೊಂಡವರು ಮೊದಲ ತಿಂಗಳಲ್ಲಿ ಬೇಗ ಚೇತರಿಸಿಕೊಂಡರೂ, ಐದು ವರ್ಷಗಳ ನಂತರ ಅವರಿಗೂ ತೆಗೆದುಕೊಳ್ಳದವರಿಗೂ ವ್ಯತ್ಯಾಸ ಇರಲಿಲ್ಲ. ಸ್ಟಿರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ. ಅದನ್ನು ಹುಟ್ಟಿಸುವ ವಸ್ತು ಮಂಚದ ಕಾಲಿನ ಬಳಿ ಉಳಿದಿದ್ದರೆ ಮಾತ್ರೆ ನಿಂತ ತಿಂಗಳೇ ಎಲ್ಲವೂ ಮೊದಲಿನಂತಾಗುತ್ತದೆ.

ಕೂಲರ್ ಮನೆಯಿಂದ ಹೊರಹೋಯಿತು. ಪ್ಯಾಡು ಬದಲಿಸಿ, ತೊಟ್ಟಿ ತೊಳೆದು ಇಟ್ಟುಕೊಳ್ಳಬಹುದೇ ಎಂದು ಗಂಡ ಕೇಳಿದ್ದರು. ಆರೋಗ್ಯವಂತರ ಮನೆಯಲ್ಲಿ ಅಷ್ಟು ಸಾಕು: ವರ್ಷಕ್ಕೊಮ್ಮೆ ಹೊಸ ಪ್ಯಾಡು, ಒಂದೆರಡು ದಿನಕ್ಕೊಮ್ಮೆ ತೊಟ್ಟಿ ಬರಿದುಮಾಡಿ ತೊಳೆಯುವುದು, ಕೂಲರನ್ನು ಕಿಟಕಿಯ ಹೊರಗಿಟ್ಟು ಎದುರಿನ ಕಿಟಕಿ ತೆರೆದಿಡುವುದು, ಮಳೆಗಾಲಕ್ಕೆ ಎತ್ತಿಡುವ ಮೊದಲು ಬಿಸಿಲಿಗೆ ಒಣಗಿಸುವುದು. ಆದರೆ ಒಮ್ಮೆ ಕೆರಳಿದ ಲಿಂಫೋಸೈಟ್‌ಗಳು ಆ ವಸ್ತುವನ್ನು ವರ್ಷಗಟ್ಟಲೆ ನೆನಪಿಟ್ಟಿರುತ್ತವೆ, ಬಹಳ ಕಡಿಮೆ ಪ್ರಮಾಣಕ್ಕೂ ಮತ್ತೆ ಏಳುತ್ತವೆ. ಆದ್ದರಿಂದ ಈ ರೋಗಿಯ ಕೋಣೆಯಲ್ಲಿ ಹೊಸದೋ ಹಳೆಯದೋ ನೀರಿನ ಕೂಲರ್ ಇರಕೂಡದೆಂಬುದು ನನ್ನ ಸಲಹೆಯಾಗಿತ್ತು. ಹಾಗೆ ಹೇಳುವುದು ಸುಲಭ, ರಾಯಚೂರಿನ ಮೇ ತಿಂಗಳನ್ನು ದಾಟುವುದು ಕಷ್ಟ. ಎಸಿಯ ಬೆಲೆ ಮತ್ತು ಕರೆಂಟ್ ಬಿಲ್ಲು ಆ ಮನೆಗೆ ಹೊರುವಂಥದ್ದಾಗಿರಲಿಲ್ಲ. ಮನೆ ಮಾಲೀಕರನ್ನು ಒಪ್ಪಿಸಿ ತಾರಸಿಗೆ ದಪ್ಪಗೆ ಸುಣ್ಣ ಬಳಿಸಿದರು. ರಾತ್ರಿ ಎಲ್ಲರೂ ಸೊಳ್ಳೆಪರದೆ ಕಟ್ಟಿ ತಾರಸಿಯ ಮೇಲೆ ಮಲಗತೊಡಗಿದರು. ಮಧ್ಯಾಹ್ನದ ಹೊಲಿಗೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡರು. ಪಕ್ಕದ ಮನೆಯ ಕೂಲರಿನ ಗಾಳಿ ಮಹಡಿಯ ಮೆಟ್ಟಿಲಿಗೆ ಬಡಿಯುತ್ತದೆಂದು ಅವರೇ ಗಮನಿಸಿ, ಮಂಚದ ಜಾಗವನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸಿಕೊಂಡಿದ್ದರು.

ಆರು ವಾರಗಳ ನಂತರ ಎಫ್‌ವಿಸಿ ಶೇ 70, ಆರು ತಿಂಗಳ ನಂತರ ಶೇ 82 ಆಯಿತು. ನಡೆದಾಗ ಆಮ್ಲಜನಕ ಶೇ 94ಕ್ಕಿಂತ ಕೆಳಗಿಳಿಯಲಿಲ್ಲ. ಮರು ಸಿಟಿಯಲ್ಲಿ ಮಂಜು ಪೂರ್ತಿ ಚದುರಿತ್ತು. ಅನಿಲ ದಾಟುವ ಸಾಮರ್ಥ್ಯ ಮಾತ್ರ ಶೇ 64ರಲ್ಲಿ ನಿಂತಿತು, ಎಡಭಾಗದ ಗೆರೆಗಳು ಹಾಗೆಯೇ ಇದ್ದವು. ಮೊದಲ ವರ್ಷವೇ ಕಾರಣ ತಿಳಿದಿದ್ದರೆ ಆ ಗೆರೆಗಳು ಇರುತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲವಾದರೂ, ಇನ್ನೊಂದು ಬೇಸಿಗೆ ಹೀಗೆಯೇ ಕಳೆದಿದ್ದರೆ ಅವು ಹೆಚ್ಚುತ್ತಿದ್ದವು ಎಂದು ಧೈರ್ಯವಾಗಿ ಹೇಳಬಹುದು. ಕಾರಣ ನಿಂತ ಮೇಲೂ ಕೆಲವರಲ್ಲಿ ಗಡುಸುತನ ತಾನಾಗಿ ಮುಂದುವರಿಯುವುದುಂಟು; ಅಂಥವರಿಗೆ ನಿಂಟೆಡಾನಿಬ್ ಎಂಬ ಔಷಧ ಆ ವೇಗವನ್ನು ತಗ್ಗಿಸುತ್ತದೆ ಎಂಬುದು 2019ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿದಿದೆ. ಇವರಿಗೆ ಸದ್ಯಕ್ಕೆ ಅದು ಬೇಕಾಗಿಲ್ಲ. ಆರು ತಿಂಗಳಿಗೊಮ್ಮೆ ಶ್ವಾಸ ಪರೀಕ್ಷೆಗೆ ಬರಬೇಕೆಂದು ಸೂಚಿಸಲಾಗಿದೆ, ಮತ್ತು ಅವುಗಳಲ್ಲಿ ಒಂದು ಬಾರಿಯಾದರೂ ಮೇ ತಿಂಗಳಲ್ಲಿಯೇ ಬರಬೇಕೆಂದು ಹೇಳಲಾಗಿದೆ.

ಒಂದು ಆಡಳಿತದ ತೊಡಕು ಇನ್ನೂ ಉಳಿದಿದೆ. ದಾಖಲೆಗಳಲ್ಲಿ ಅವರು ಈಗಲೂ ‘ಹಿಂದೆ ಕ್ಷಯ ಚಿಕಿತ್ಸೆ ಪಡೆದವರು’. ಮುಂದೆ ಯಾವ ಕಾರಣಕ್ಕೆ ಕೆಮ್ಮು ಬಂದರೂ, ಎಡಭಾಗದ ಆ ಗೆರೆಗಳನ್ನು ಎಕ್ಸ್‌ರೇಯಲ್ಲಿ ನೋಡಿದವರು ಅವನ್ನು ಹಳೆಯ ಕ್ಷಯದ ಕಲೆಯೆಂದೇ ಓದುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಬಿಡುಗಡೆ ಪತ್ರದ ಜೊತೆ ಕನ್ನಡದಲ್ಲಿಯೂ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದೇವೆ. ಕಾಯಿಲೆಯ ಹೆಸರು, ಕಾರಣ, ಎರಡೂ ವರ್ಷ ಕ್ಷಯದ ರೋಗಾಣು ಸಿಕ್ಕಿಲ್ಲವೆಂಬ ಸಂಗತಿ, ಸಿಟಿಯ ದಿನಾಂಕಗಳು ಅದರಲ್ಲಿವೆ. ಅದರ ಒಂದು ನಕಲನ್ನು ಲ್ಯಾಮಿನೇಟ್ ಮಾಡಿಸಿ ಫೈಲಿನ ಮೇಲಿನ ಹಾಳೆಯಾಗಿ ಇಟ್ಟುಕೊಂಡವರು ಅತ್ತೆ.